ಮೂರು ಗುಡ್ಡಗಳ ಒಂದು ನೋಟ

ಒಂದು ಕಾಡಿನಲ್ಲಿ ಮೂರು ಗುಡ್ಡಗಳಿದ್ದವು. ಮೂರು ಗುಡ್ಡಗಳ ಮೇಲೆ ಮೂರು ಗೂಬೆಗಳಿದ್ದವು. ಕಾಡಿನಲ್ಲೇ ದೊಡ್ಡ ಕಣ್ಣು ತನ್ನದು ಎಂದು ಪ್ರತಿಯೊಂದು ಗೂಬೆಯೂ ನಂಬಿತ್ತು. ಅಳೆದು ನೋಡಬಹುದಿತ್ತು. ಆದರೆ ಅಳೆಯಬೇಕಾದರೆ ಯಾರಾದರೊಬ್ಬರು ಇನ್ನೊಬ್ಬರ ಗುಡ್ಡಕ್ಕೆ ಹೋಗಬೇಕು. ಹೋದವರು ಅಲ್ಲೇ ಅರ್ಧ ಸೋತಂತೆ. ಹಾಗಾಗಿ ಯಾರೂ ಹೋಗಿರಲಿಲ್ಲ.

ಮೂಡಣ ಗುಡ್ಡದಲ್ಲಿ ಕೊಂಬಯ್ಯನೆಂಬ ಗೂಬೆ. ಪಡುವಣ ಗುಡ್ಡದಲ್ಲಿ ಕೂಕಮ್ಮ. ಇವೆರಡರ ನಡುವೆ ಒಂಟಿಗುಡ್ಡ, ಅಲ್ಲಿ ಬಟ್ಟಲಯ್ಯ. ಒಂಟಿಗುಡ್ಡದ ಬುಡದಲ್ಲೇ ಒಂದು ಹಾಸುಬಂಡೆ. ಪ್ರಾಣಿಗಳೆಲ್ಲ ಸೇರಿ ಮಾತಾಡುತ್ತಿದ್ದದ್ದು ಅಲ್ಲಿ. ಏನಾದರೂ ಕೇಳಬೇಕಾದರೆ ಅವು ಮೊದಲು ಬಟ್ಟಲಯ್ಯನನ್ನೇ ಕೇಳುತ್ತಿದ್ದವು. ಅವನ ಗುಡ್ಡ ಹತ್ತಿರವಿತ್ತು, ಅಷ್ಟೇ. ಅವನು ಅದನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದ.

ಆ ಬೇಸಿಗೆ ಕಾಡಿಗೆ ಬೆಂಕಿ ಬಿತ್ತು. ಗುಡ್ಡಗಳ ಮುಂದಿನ ಕಣಿವೆಯ ಈಚೆಯ ಹುಲ್ಲೆಲ್ಲ ಸುಟ್ಟು ಕರಿಯಾಯಿತು. ಕಣಿವೆಯ ಆಚೆ ಮಾತ್ರ ಹಸಿರು ಉಳಿಯಿತು. ಜಿಂಕೆಗಳಿಗೆ ಮರಿಗಳನ್ನು ಕರೆದುಕೊಂಡು ಆಚೆಗೆ ದಾಟುವ ಆಸೆ. ಆದರೆ ಆಚೆಯ ಹುಲ್ಲಿನ ಅಂಚಿನಲ್ಲಿ, ಬಂಡೆಯೊಂದರ ಮೇಲೆ, ದಿನವೂ ಮುಸ್ಸಂಜೆಗೆ ಏನೋ ಹೊಳೆಯುತ್ತಿತ್ತು. ಹಗಲಿನಲ್ಲಿ ನೋಡೋಣವೆಂದರೆ ಬಿಸಿಲಿನ ಝಳ ಎಲ್ಲವನ್ನೂ ಮುಚ್ಚಿಬಿಡುತ್ತಿತ್ತು.

ಆ ಬೆಳಕು ಒಂದೋ, ಎರಡೋ? ಇದೇ ಪ್ರಶ್ನೆ. ಒಂದಾದರೆ ಯೋಚನೆಯಿಲ್ಲ, ಯಾವುದೋ ಹೊಳೆಯುವ ಕಲ್ಲು ಇದ್ದೀತು. ಅಕ್ಕಪಕ್ಕದಲ್ಲಿ ಎರಡಾದರೆ ಅವು ಚಿರತೆಯ ಕಣ್ಣುಗಳು.

ಹಿಂಡಿಗೆ ಹಿರಿಯಳು ಮಚ್ಚಕ್ಕ ಎಂಬ ಜಿಂಕೆ. ಅವಳು ಬಟ್ಟಲಯ್ಯನನ್ನು ಕೇಳಿದಳು. ಬಟ್ಟಲಯ್ಯ ಕಣ್ಣರಳಿಸಿ ನೋಡಿ ಒಂದೇ ಎಂದ. ಕೊಂಬಯ್ಯನೂ ಒಂದೇ ಎಂದ, ಆದರೆ ಸ್ವಲ್ಪ ಉದ್ದ ಎಂದ. ಕೂಕಮ್ಮ ಒಂದೇ, ಆದರೆ ಸ್ವಲ್ಪ ದಪ್ಪ ಎಂದಳು. ನಿಜವಾಗಿ ಮೂವರಿಗೂ ಕಂಡದ್ದು ಒಂದು ಮಸುಕು. ದೂರದ ಊರಿನ ಎರಡು ದೀಪಗಳು ಕಲೆತು ಒಂದೇ ಆಗಿ ಕಾಣುತ್ತವಲ್ಲ, ಹಾಗೆ. ಮಸುಕು ಎಂದು ಹೇಳಲು ಮೂವರಿಗೂ ಮನಸ್ಸು ಬರಲಿಲ್ಲ.

ಮೂವರೂ ಒಂದೇ ಕಡೆ ಕೂತು ನೋಡಿದರೆ ಹೇಗೆ ಎಂದು ಮಚ್ಚಕ್ಕ ಬೇಡಿಕೊಂಡಳು. ಬಹಳ ಹೊತ್ತು ಮಾನಾಪಮಾನದ ಮಾತು ನಡೆದ ಮೇಲೆ ಗೂಬೆಗಳು ಒಂಟಿಗುಡ್ಡದ ಒಂದೇ ಕೊಂಬೆಯ ಮೇಲೆ ಸಾಲಾಗಿ ಕೂತವು. ಆರು ಕಣ್ಣುಗಳು ಒಟ್ಟಿಗೆ ನೋಡಿದವು. ಅದೇ ಮಸುಕು ಮೂರು ಸಲ ಕಂಡಿತು. ಕೊಂಬೆ ಮಾತ್ರ ಸ್ವಲ್ಪ ಬಾಗಿತು.

ಆ ಕೊಂಬೆಯ ಕೆಳಗೆ ನೂಲಕ್ಕ ಎಂಬ ಜೇಡ ಬಲೆ ಕಟ್ಟಿಕೊಂಡಿದ್ದಳು. ಅವಳಿಗೆ ಕಣ್ಣು ಅಷ್ಟಕ್ಕಷ್ಟೇ. ಬಲೆಯ ನಡುವೆ ಕಾಲೂರಿ ಕೂತು, ಎಳೆ ಅದುರುವುದರಿಂದಲೇ ಲೋಕವನ್ನು ತಿಳಿಯುವವಳು. ಅವಳು ಗೂಬೆಗಳಿಗೆ ಹೇಳಿದಳು, "ಒಟ್ಟಿಗೆ ಕೂತು ಪ್ರಯೋಜನವಿಲ್ಲ. ನಿಮ್ಮ ನಿಮ್ಮ ಗುಡ್ಡಕ್ಕೆ ಹೋಗಿ. ಎಷ್ಟು ದೂರ ದೂರ ಇರುತ್ತೀರೋ ಅಷ್ಟು ಒಳ್ಳೆಯದು. ಕಂಡದ್ದನ್ನು ಕೂಡಿಸುವ ಕೆಲಸ ನನಗೆ ಬಿಡಿ."

ತಮ್ಮ ತಮ್ಮ ಗುಡ್ಡಕ್ಕೆ ಹೋಗಿ ಎಂಬ ಮಾತು ಗೂಬೆಗಳಿಗೆ ಬಹಳ ಹಿಡಿಸಿತು.

ನೂಲಕ್ಕ ಮೂರು ಗುಡ್ಡಗಳಿಂದ ಹಾಸುಬಂಡೆಗೆ ಮೂರು ಎಳೆ ಎಳೆದಳು. ದೂರದ ಬೆಳಕು ಸುಮ್ಮನಿರುವುದಿಲ್ಲ, ಸದಾ ಅದುರುತ್ತದೆ. ಅದು ಅದುರಿದಂತೆಲ್ಲ ಗೂಬೆಗಳು ಕಾಲಿನಿಂದ ಎಳೆಯನ್ನು ಅದುರಿಸಬೇಕು. ಮೂರು ಅದುರು ಒಂದೇ ಹೊತ್ತಿಗೆ ಹಾಸುಬಂಡೆಗೆ ಬಂದು ಕೂಡಿದರೆ ನೂಲು ಹಾಡುತ್ತದೆ. ಒರಳಿನಲ್ಲಿ ಒಬ್ಬಳು ಕುಟ್ಟಿದರೆ ಸದ್ದು ಒಂದೇ ಸಮನೆ ಬರುತ್ತದೆ, ಇಬ್ಬರು ಕುಟ್ಟಿದರೆ ಏರಿ ಇಳಿಯುತ್ತದೆ. ಬೆಳಕೂ ಹಾಗೆಯೇ ಎಂದು ಅವಳು ವಿವರಿಸಿದಳು.

ಮೊದಲ ಸಂಜೆ ಬೆಳ್ಳಿಚುಕ್ಕಿಯ ಮೇಲೆ ಪರೀಕ್ಷೆ ಮಾಡಿದರು. ಅದು ಒಂದೇ ಎಂದು ಎಲ್ಲರಿಗೂ ಗೊತ್ತು. ಆದರೆ ನೂಲು ಹಾಡಲಿಲ್ಲ, ಕರಕರ ಎಂದಿತು. ಬಟ್ಟಲಯ್ಯನ ಗುಡ್ಡ ಹತ್ತಿರ, ಅವನ ಅದುರು ಮೊದಲೇ ಬಂದು ಹೋಗಿಬಿಡುತ್ತಿತ್ತು. ಉಳಿದಿಬ್ಬರದು ಬರುವಾಗ ಅದು ಇರುತ್ತಿರಲಿಲ್ಲ. ನೂಲಕ್ಕ ಯೋಚಿಸಿ, ಬಟ್ಟಲಯ್ಯನ ಎಳೆಯನ್ನು ಉದ್ದ ಮಾಡಿ, ಪಕ್ಕದ ಕಾರೆಗಿಡದ ಮುಳ್ಳುಗಳಿಗೆ ಸುತ್ತು ಹಾಕಿ ತಂದಳು. ಈಗ ಅವನ ಅದುರೂ ದೂರದ ದಾರಿ ನಡೆದು ಉಳಿದವರ ಜೊತೆಗೇ ಬಂತು. ನೂಲು ಒಂದೇ ಸಮನೆ ಗುಂಯ್ ಎಂದಿತು. ಆಮೇಲೆ ಅರುಂಧತಿ ವಸಿಷ್ಠರ ಜೋಡಿ ನಕ್ಷತ್ರ ನೋಡಿದರು. ನಾದ ಏರಿತು, ಇಳಿಯಿತು, ಮತ್ತೆ ಏರಿತು. ಜಿಂಕೆಮರಿಗಳು ಕಿವಿ ನಿಮಿರಿಸಿದವು.

ಬಟ್ಟಲಯ್ಯನಿಗೆ ಮಾತ್ರ ಅಸಮಾಧಾನ. ಎಲ್ಲರಿಗಿಂತ ಮೊದಲು ಸುದ್ದಿ ಮುಟ್ಟಿಸುವುದು ತಪ್ಪೇ ಎಂದು ಕೇಳಿದ.

"ತಪ್ಪಲ್ಲ, ಅಯ್ಯಾ," ಎಂದಳು ನೂಲಕ್ಕ. "ಆದರೆ ಊಟದ ಪಂಕ್ತಿಯಲ್ಲಿ ಮೊದಲು ಕೂತವರು ಕೊನೆಯ ಎಲೆಗೆ ಬಡಿಸುವ ತನಕ ಕಾಯುತ್ತಾರಲ್ಲ?"

ಬಟ್ಟಲಯ್ಯ ಯಾವ ಪಂಕ್ತಿಯಲ್ಲೂ ಕೂತವನಲ್ಲ.

ಇದನ್ನೆಲ್ಲ ಒಂದು ನರಿ ನೋಡುತ್ತಿತ್ತು. ಕಣಿವೆಯ ಆಚೆಗೆ ತಾನು ಎಷ್ಟೋ ಸಲ ಹೋಗಿ ಬಂದವನು, ಆ ಬೆಳಕು ಬರೀ ಕಲ್ಲು, ದಾರಿ ತೋರಿಸಲು ತಾನಿದ್ದೇನೆ ಎಂದು ಅದು ಜಿಂಕೆಗಳಿಗೆ ಹೇಳಿತ್ತು. ಅಂದಿನಿಂದ ಹೊಂಡದ ನೀರಿನಲ್ಲಿ ಮೊದಲ ಸರದಿ ಅದಕ್ಕೆ. ಮಧ್ಯಾಹ್ನ ಆಲದ ಮರದ ತಂಪು ನೆರಳೂ ಅದಕ್ಕೇ. ಎಲ್ಲರೂ ಅದನ್ನು ನರಿರಾಯರು ಎಂದು ಕರೆಯುತ್ತಿದ್ದರು. ನಿಜ ಹೇಳಬೇಕೆಂದರೆ ನರಿ ಕಣಿವೆಗೆ ಇಳಿದೇ ಇರಲಿಲ್ಲ. ಕಾಲು ನೋಯುತ್ತದೆಂದು ಅರ್ಧಕ್ಕೂ ಹೋಗಿರಲಿಲ್ಲ. ಜೇಡನ ನೂಲೇ ಉತ್ತರ ಹೇಳಿದರೆ ದಾರಿ ತೋರುವವನು ಯಾರಿಗೆ ಬೇಕು?

ಮರುದಿನ ಮಧ್ಯಾಹ್ನ ನರಿ ಒಂಟಿಗುಡ್ಡ ಹತ್ತಿತು. ಬಟ್ಟಲಯ್ಯ ತೂಕಡಿಸುತ್ತಿದ್ದ. ನರಿ ಅವನ ಕಣ್ಣುಗಳನ್ನು ಬಹಳ ಹೊಗಳಿತು. ಆಮೇಲೆ ನಿಟ್ಟುಸಿರು ಬಿಟ್ಟಿತು. ಏನು ಎಂದು ಕೇಳಿದಾಗ ಹೇಳಲೋ ಬೇಡವೋ ಎಂಬಂತೆ ಹೇಳಿತು.

"ಆ ಇಬ್ಬರಿಗೆ ನೇರ ನೂಲು, ಸ್ವಾಮಿ. ತಮಗೆ ಮಾತ್ರ ಮುಳ್ಳುಕಂಟಿಯ ಸುತ್ತು. ನನಗೇನೂ ಇಲ್ಲ. ಮೊಲಗಳು ನಗುತ್ತಿದ್ದವು, ಅದಕ್ಕೆ ಬೇಜಾರಾಯಿತು."

ಮೊಲಗಳು ಅಂದು ಬಿಲದಿಂದ ಹೊರಗೇ ಬಂದಿರಲಿಲ್ಲ. ಬಟ್ಟಲಯ್ಯ ಅದನ್ನು ವಿಚಾರಿಸಲಿಲ್ಲ. ನರಿ ಇಳಿದುಹೋದ ಮೇಲೆ ಅವನು ಮೆಲ್ಲಗೆ ಹಾರಿ ಬಂದು ಕಾರೆಗಿಡದ ಸುತ್ತುಗಳನ್ನೆಲ್ಲ ಬಿಚ್ಚಿದ. ಹೆಚ್ಚಿದ ನೂಲನ್ನು ಕಡಿದು, ಉಳಿದದ್ದನ್ನು ನೆಟ್ಟಗೆ ಬಿಗಿದ.

ಅಂದು ಸಂಜೆ ಹಿಂಡು ಹಾಸುಬಂಡೆಯ ಮುಂದೆ, ಕಣಿವೆಯ ಅಂಚಿಗೆ ಬಂದು ನಿಂತಿತು. ಮರಿಗಳು ಸುಟ್ಟ ಬೇರನ್ನು ನೆಕ್ಕುತ್ತಿದ್ದವು. ಇನ್ನು ಕಾಯುವಂತಿರಲಿಲ್ಲ. ಆಚೆಯ ಬಂಡೆಯ ಮೇಲೆ ಬೆಳಕು ಕಾಣಿಸಿತು. ಗೂಬೆಗಳು ನೂಲು ಅದುರಿಸಿದವು. ಹಾಸುಬಂಡೆಯ ಮೇಲೆ ನೂಲಕ್ಕ ಕಾಲು ಚಾಚಿ ಕೂತಳು.

ನೂಲು ಕರಕರ ಎಂದಿತು. ಹಾಡಲಿಲ್ಲ.

ನರಿ ನಕ್ಕಿತು. ನೊಣ ಹಿಡಿಯುವವರು ನೊಣ ಹಿಡಿದರೆ ಚಂದ ಎಂದಿತು. ಬಿಸಿಲು ಇಳಿದಿದೆ, ತಂಪಾಗಿದೆ, ಹೊರಡೋಣ ಎಂದು ಅವಸರಪಡಿಸಿತು. ಜಿಂಕೆಗಳು ಮುಖ ಮುಖ ನೋಡಿಕೊಂಡವು. ಒಂದೆರಡು ಇಳಿಜಾರಿಗೆ ಕಾಲಿಟ್ಟೂ ಬಿಟ್ಟವು.

ಮಚ್ಚಕ್ಕ ತಿರುಗಿ ಒಂಟಿಗುಡ್ಡದ ಕಡೆಗೆ ತಲೆಯೆತ್ತಿದಳು. ಅವಳ ಮರಿ ಅವಳ ಹೊಟ್ಟೆಗೆ ಒರಗಿ ನಿಂತಿತ್ತು.

"ಬಟ್ಟಲಜ್ಜ, ನೀನು ಒಂದು ಎಂದರೆ ಹೊರಡುತ್ತೇನೆ. ನಿನ್ನ ಕಣ್ಣಿಗೆ ಎಷ್ಟು ಕಾಣುತ್ತದೆ?"

ಬಟ್ಟಲಯ್ಯ ಬೆಳಕನ್ನು ನೋಡಿದ. ಕಣ್ಣು ಕಿರಿದು ಮಾಡಿ ನೋಡಿದ, ಹಿರಿದು ಮಾಡಿ ನೋಡಿದ. ಮಸುಕು ಮಸುಕಾಗಿಯೇ ಇತ್ತು. ಒಂದು ಎಂದುಬಿಡುವುದು ಬಹಳ ಸುಲಭವಿತ್ತು. ಹಿಂದೆ ಅಂದದ್ದೂ ಅದನ್ನೇ. ಆಮೇಲೆ ಅವನ ನೋಟ ಆ ಮರಿಯ ಮೇಲೆ ಬಿತ್ತು. ಅದಕ್ಕೆ ಎಷ್ಟು ಪಕ್ಕೆಲುಬು ಎಂದು ಅಷ್ಟು ಎತ್ತರದಿಂದಲೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನನಗೊಬ್ಬನಿಗೆ ಗೊತ್ತಾಗುವುದಿಲ್ಲ, ತಾಯಿ," ಎಂದ. "ಸ್ವಲ್ಪ ನಿಲ್ಲು. ಸುತ್ತು ಬಿಚ್ಚಿದವನು ನಾನೇ."

ಅವನು ಕೆಳಗಿಳಿದು ಬಂದ. ನೂಲಕ್ಕ ಹೊಸ ನೂಲು ಹೆಣೆದು ಕೊಟ್ಟಳು. ಬಟ್ಟಲಯ್ಯ ಅದನ್ನು ಕೊಕ್ಕಿನಲ್ಲಿ ಹಿಡಿದು ಕಾರೆಗಿಡಕ್ಕೆ ಸುತ್ತಿದ. ಗರಿಗಳು ಮುಳ್ಳಿಗೆ ಸಿಕ್ಕಿ ಕಿತ್ತುಬಂದವು. ಹೊಸ ನೂಲು ಬಿಗಿಯಾಗಿದ್ದು ಅದುರು ಬೇಗ ಓಡುತ್ತಿತ್ತು, ಮೊದಲಿನಷ್ಟೇ ಸುತ್ತು ಸಾಲಲಿಲ್ಲ. ಪ್ರತಿ ಸುತ್ತಿಗೂ ಅವನು ಗುಡ್ಡಕ್ಕೆ ಹಾರಿ ಉಳಿದಿಬ್ಬರ ಜೊತೆ ಬೆಳ್ಳಿಚುಕ್ಕಿ ನೋಡಿ ನೂಲು ಅದುರಿಸಿದ, ಅವಳು ನಾದ ಸಿಗುವ ತನಕ ಇನ್ನೊಂದು, ಇನ್ನೊಂದು ಎನ್ನುತ್ತಾ ಹೋದಳು. ನಾದ ಸಿಕ್ಕಿತು. ಮೂವರೂ ಆಚೆಯ ಬೆಳಕಿನ ಕಡೆಗೆ ಕಣ್ಣು ತಿರುಗಿಸಿದರು.

ನಾದ ಏರಿತು. ಇಳಿಯಿತು. ಮತ್ತೆ ಏರಿತು.

"ಎರಡು," ಎಂದಳು ನೂಲಕ್ಕ.

ಇಳಿಜಾರಿಗೆ ಇಳಿದಿದ್ದ ಜಿಂಕೆಗಳು ಮೇಲೆ ಬಂದವು. ಜೇಡನಿಗೆ ತಲೆ ತಿರುಗುತ್ತಿರಬೇಕು, ತಾನು ಕಣ್ಣಾರೆ ಕಂಡಿದ್ದೇನೆ, ಒಂದೇ ಕಲ್ಲು, ಅದರ ಮೇಲೆ ಕೂತು ದಣಿವಾರಿಸಿಕೊಂಡಿದ್ದೇನೆ ಎಂದು ನರಿ ವಾದಿಸಿತು.

ಮಚ್ಚಕ್ಕ ಸಮಾಧಾನವಾಗಿ ಕೇಳಿಸಿಕೊಂಡಳು. ಆಮೇಲೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.

"ಹಾಗಾದರೆ ನೀವು ಮುಂದೆ ನಡೆಯಿರಿ, ನರಿರಾಯರೇ. ಆ ಕಲ್ಲಿನ ಮೇಲೆ ಕೂತು ಒಂದು ಕೂಗು ಹಾಕಿ. ನಾವು ಬಂದುಬಿಡುತ್ತೇವೆ."

ಇಡೀ ಕಾಡು ನೋಡುತ್ತಿತ್ತು. ಹೋಗದಿದ್ದರೆ ರಾಯರು ಎಂಬ ಹೆಸರು ಹೋಗುತ್ತದೆ. ಕಲ್ಲೇ ಇದ್ದರೂ ಇರಬಹುದು ಎಂದು ನರಿ ತನ್ನ ಸುಳ್ಳನ್ನು ತಾನೇ ನಂಬಿಕೊಂಡು ಕಣಿವೆಗೆ ಇಳಿಯಿತು. ದಾರಿ ಗೊತ್ತಿಲ್ಲದ್ದರಿಂದ ಎರಡು ಕಡೆ ಜಾರಿಬಿತ್ತು. ಆಚೆಯ ಹುಲ್ಲು ಅಲುಗಿದ್ದು ಕಾಣಿಸಿತು. ಸ್ವಲ್ಪ ಹೊತ್ತಿಗೆ ಬೆಳಕು ಆ ಬಂಡೆಯನ್ನು ಬಿಟ್ಟು ಹಾರಿತು.

ಕೂಗು ಕೇಳಿಸಿತು. ಕರೆಯುವ ಕೂಗಾಗಿರಲಿಲ್ಲ.

ನರಿ ಹೋದದ್ದಕ್ಕಿಂತ ಬಹಳ ಬೇಗ ಹಿಂದಿರುಗಿತು. ಬಾಲ ಅರ್ಧ ಮಾತ್ರ ಜೊತೆಗೆ ಬಂದಿತ್ತು. ಅದು ಹಾಸುಬಂಡೆಯ ಮೇಲೆ ಬಿದ್ದು ಏದುಸಿರು ಬಿಡುವಾಗ ಬಟ್ಟಲಯ್ಯ ಮೇಲಿನಿಂದ ಬಗ್ಗಿ, ಬಹಳ ಮರ್ಯಾದೆಯಿಂದ, ಒಂದೋ ಎರಡೋ ಎಂದು ವಿಚಾರಿಸಿದ.

"ಹತ್ತಿರದಿಂದ ನೋಡಿದರೆ," ಎಂದಿತು ನರಿ, "ಎರಡು."

ಜಿಂಕೆಗಳು ಕಣಿವೆ ದಾಟಲಿಲ್ಲ. ಹಳ್ಳದ ಗುಂಟ ಮೇಲಕ್ಕೆ ನಡೆದು ಬೇರೆ ಹುಲ್ಲು ಹುಡುಕಿಕೊಂಡವು. ದಾರಿ ದೂರವಾಯಿತು, ಮರಿಗಳು ಇನ್ನಷ್ಟು ಬಡವಾದವು, ಆದರೆ ಒಂದೂ ಕಡಿಮೆಯಾಗಲಿಲ್ಲ.

ನೀತಿ: ಎಷ್ಟು ದೊಡ್ಡದಾದರೂ ಒಂಟಿ ಕಣ್ಣಿಗೆ ಕಾಣದ್ದು, ದೂರ ದೂರ ನಿಂತವರ ನೋಟ ಒಂದಾಗಿ ಕೂಡಿದರೆ ಕಾಣುತ್ತದೆ, ಅದು ಕೂಡಬೇಕಾದರೆ ಹತ್ತಿರವಿರುವವನು ದೂರದವನಿಗಾಗಿ ಕಾಯಬೇಕು.