ಹಳೆಯ ಹಾಸಿನ ತುದಿ

ಹೊಳೆಯ ನೀರಿನ ಬಲದಿಂದ ತಿರುಗುವ ಒಂದು ಹತ್ತಿ ಗಿರಣಿ ಇತ್ತು. ಆ ಸೀಮೆಗೇ ಅದು ಮೊದಲನೆಯದು. ಅಲ್ಲಿನ ಮಗ್ಗವೊಂದಕ್ಕೆ ಹೊಸ ಹಾಸು, ಅಂದರೆ ನೇಯಲು ಉದ್ದಕ್ಕೆ ಹೂಡುವ ಎಳೆಗಳ ಸಾಲು, ಏರಿತು. ಗಂಜಿ ಕುಡಿದು ಬಿಗಿದುಕೊಂಡಿದ್ದ ಹೊಸ ಎಳೆಯೊಂದು ಮುಂದೆ ನೋಡಿದರೆ, ತಾನು ತೂರಬೇಕಾದ, ಸೂಜಿಗಣ್ಣಿನಂಥ ಮಗ್ಗದ ಸಣ್ಣ ಕಣ್ಣಿನಲ್ಲಿ ಹಳೆಯ ಎಳೆಯ ತುಂಡೊಂದು ಇನ್ನೂ ಕೂತಿತ್ತು.

“ನಿನ್ನ ಬಟ್ಟೆ ನೇಯ್ದು ಕೊಯ್ದಾಯಿತಲ್ಲ ಅಜ್ಜ, ದಾರಿ ಬಿಡು,” ಎಂದಿತು ಹೊಸ ಎಳೆ.

“ನಾನು ಬಿಟ್ಟರೆ ನಿನ್ನನ್ನು ದಾಟಿಸುವವರು ಯಾರಪ್ಪ?”

ಹೊಸ ಎಳೆ ತಾನೇ ನುಗ್ಗಿ ನೋಡಿತು, ತುದಿ ಮುದುರಿಕೊಂಡಿತು. ಅಷ್ಟರಲ್ಲಿ ಎಳೆಗೆ ಎಳೆ ಕೂಡಿಸಿ ಕೆಚ್ಚುವ ಬನವ್ವ, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಬಂದಳು. “ಜಗಳ ಸಾಕು, ಕೈ ಹಿಡಕೊಳ್ರಿ,” ಎನ್ನುತ್ತ ಎರಡರ ತುದಿಗಳನ್ನೂ ಹೊಸೆದು ಒಂದು ಮಾಡಿದಳು. ಹಳೆಯದನ್ನು ಎಳೆದಳು, ಹೊಸದು ಅದರ ಬೆನ್ನಿಗೇ ಕಣ್ಣು ದಾಟಿತು.

“ನಿನ್ನನ್ನು ಯಾರು ದಾಟಿಸಿದರು ಅಜ್ಜ?”

“ನನ್ನ ಹಿಂದಿನ ಹಾಸಿನ ಎಳೆ. ಗಿರಣಿಯ ಮೊಟ್ಟಮೊದಲ ಎಳೆಗೆ ಮಾತ್ರ ಯಾರೂ ಇರಲಿಲ್ಲ. ಬನವ್ವನ ಅತ್ತೆ ಅದನ್ನು ಕೈಯಾರೆ ಪೋಣಿಸಿದಳು. ಅಂದಿನಿಂದ ಎಳೆ ಎಳೆಯ ಕೈ ಹಿಡಿದದ್ದು ಇನ್ನೂ ತಪ್ಪಿಲ್ಲ.”

ಕತ್ತರಿ ಬಂತು. ಅಜ್ಜ ಯಂತ್ರದ ಎಣ್ಣೆ ಒರೆಸುವ ಚಿಂದಿಗೆ ಸೇರಿದ.

ದಿನ ಕಳೆದಂತೆ ಹೊಸ ಎಳೆಯೂ ಸೀರೆಯಾಯಿತು. ಸೀರೆ ಕೊಯ್ದುಕೊಂಡು ಹೋದ ಮೇಲೆ ಅದರ ಗೇಣುದ್ದ ತುಂಡು ಅದೇ ಕಣ್ಣಿನಲ್ಲಿ ಉಳಿಯಿತು. ಮತ್ತೊಂದು ಹಾಸು ಏರಿತು.

“ದಾರಿ ಬಿಡು ಅಜ್ಜ,” ಎಂದಿತು ಗಂಜಿ ಕುಡಿದ ಎಳೆಯೊಂದು.

“ಬಿಡ್ತೀನಪ್ಪ,” ಎಂದಿತು ಆ ತುಂಡು. “ಮೊದಲು ನನ್ನ ಕೈ ಹಿಡಿ.”