ನಂದಿಬಟ್ಟಲು ತಾನೇ?

ಹೊಳೆದಂಡೆಯ ಮಠದಲ್ಲಿ ಒಬ್ಬರು ವಯಸ್ಸಾದ ಗುರುಗಳಿದ್ದರು. ಎಲ್ಲರೂ ಅವರನ್ನ ಅಜ್ಜಯ್ಯ ಅಂತಲೇ ಕರೀತಿದ್ದರು. ಅವರ ಹತ್ತಿರ ಗಿಡಮೂಲಿಕೆ ಕಲಿಯೋಕೆ ಕೊಟ್ರಯ್ಯ ಅನ್ನೋ ಶಿಷ್ಯನಿದ್ದ. ಚುರುಕು ಅಂದರೆ ಚುರುಕು. ಆದರೆ ನಾಲ್ಕು ಜನರ ಎದುರು ಸಣ್ಣವನಾಗೋದು ಅವನಿಗೆ ಆಗಿಬರ್ತಿರಲಿಲ್ಲ.

ಯಾರೋ ಭಕ್ತರು ಒಂದು ಹೂಕುಂಡ ತಂದು ಮಠದ ಜಗಲಿ ಮೇಲಿಟ್ಟು ಹೋಗಿದ್ದರು. ಗಿಡ ಯಾವುದು ಅಂತ ತಂದವರಿಗೇ ತಿಳಿಯದು. ಅವತ್ತು ಬೆಳಿಗ್ಗೆ ಅದು ಬೆಳ್ಳಗೆ ಹೂ ಬಿಟ್ಟಿತ್ತು.

ಅಷ್ಟು ಹೊತ್ತಿಗೆ ದುರುಗಮ್ಮ ಅನ್ನೋ ತಾಯಿ ಕೂಸನ್ನ ಎತ್ತಿಕೊಂಡು ಓಡಿಬಂದಳು. ಕೂಸಿನ ಕಣ್ಣೆರಡೂ ಕೆಂಡದ ಹಾಗೆ ಕೆಂಪಗೆ ಊದಿದ್ದವು. ಅತ್ತು ಅತ್ತು ದನಿಯೇ ಹೊರಡ್ತಿರಲಿಲ್ಲ.

"ನಂದಿಬಟ್ಟಲು ಹೂ ಐತೇನಪ್ಪಾ? ನೆನೆಸಿದ ನೀರು ಕಣ್ಣಿಗೆ ಬಿಟ್ಟರೆ ಉರಿ ಇಳಿಯುತ್ತಂತೆ."

"ಇಗೋ, ಇಲ್ಲೇ ಇದೆಯಲ್ಲಮ್ಮ!" ಕೊಟ್ರಯ್ಯ ಕುಂಡಕ್ಕೆ ಕೈಹಾಕಿದ.

ಅಜ್ಜಯ್ಯ ಒಳಗಿಂದ ಬಂದರು. "ನಂದಿಬಟ್ಟಲೇನೋ ಅದು?"

"ಹೌದು ಅಜ್ಜಯ್ಯ. ಹೂ ಬೆಳ್ಳಗಿದೆ. ತೊಟ್ಟು ಮುರಿದರೆ ಹಾಲು ಬರುತ್ತೆ, ನೋಡಿ."

"ಕಳ್ಳಿಯಲ್ಲೂ ಬರುತ್ತೆ."

ಕೊಟ್ರಯ್ಯನ ಮುಖ ಬಿಗಿಯಿತು. ದುರುಗಮ್ಮ ಅವನನ್ನೇ ನೋಡ್ತಿದ್ದಳು.

"ಗಿಡ ಗುರುತಿಸೋದು ನನಗೇನು ಹೊಸದೇ? ನಂದಿಬಟ್ಟಲೇ ಇದು."

ಹೂ ಕಿವುಚಿ ಬಟ್ಟಲಿನ ನೀರಿಗೆ ಹಾಕಿದ. ಹತ್ತಿ ಅದ್ದಿದ. ದುರುಗಮ್ಮ ಕೂಸನ್ನ ತೊಡೆ ಮೇಲೆ ಮಲಗಿಸಿ ರೆಪ್ಪೆ ಬಿಡಿಸಿದಳು.

"ತಡಿಯವ್ವ. ನನಗೂ ಕಣ್ಣುರಿ," ಅಂದರು ಅಜ್ಜಯ್ಯ. ಜಗಲಿ ಮೇಲೆ ಅಂಗಾತ ಮಲಗಿದರು. ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿದರು. "ಮೊದಲು ನನಗೆ ಬಿಡು."

ಕೊಟ್ರಯ್ಯ ಬಗ್ಗಿದ. ಹತ್ತಿಯ ತುದಿಯಲ್ಲಿ ಹನಿ ದಪ್ಪಗಾಗ್ತಾ ಬಂತು.

"ಬಿಡೋ."

"ಅಜ್ಜಯ್ಯ..."

"ನಂದಿಬಟ್ಟಲು ತಾನೇ? ಬಿಡು."

ಆ ಕಣ್ಣು ಅಲುಗಲಿಲ್ಲ. ಹನಿ ಇನ್ನೇನು ಬೀಳಬೇಕು, ಕೊಟ್ರಯ್ಯ ಇನ್ನೊಂದು ಅಂಗೈ ಅಡ್ಡ ಹಿಡಿದುಬಿಟ್ಟ.

"ಗೊತ್ತಿಲ್ಲ ಅಜ್ಜಯ್ಯ! ಇದು ಯಾವ ಗಿಡವೋ ನನಗೆ ಗೊತ್ತಿಲ್ಲ!"

ದುರುಗಮ್ಮ ಕೂಸನ್ನ ಎದೆಗೆ ಅವಚಿಕೊಂಡಳು. "ಅಯ್ಯೋ ನಿನ್ನ ಕೈ ಸೇದಿಹೋಗ! ಗೊತ್ತಿಲ್ಲದೇನೇ ನನ್ನ ಮಗೀಗೆ ಬಿಡೋಕೆ ಹೊಂಟಿದ್ಯೇನೋ?"

ಅಜ್ಜಯ್ಯ ಎದ್ದರು. ಕಾಯಿಸಿ ಆರಿಸಿದ ನೀರಲ್ಲಿ ಕೂಸಿನ ಕಣ್ಣು ತೊಳೆದರು. "ತಡ ಮಾಡಬೇಡ ತಾಯಿ, ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗು," ಅಂತ ಕಳಿಸಿಕೊಟ್ಟರು.

ಕೊಟ್ರಯ್ಯ ಅಲ್ಲೇ ಕುಸಿದು ಕೂತಿದ್ದ.

"ಅಜ್ಜಯ್ಯ, ನಾನು ಹಠಕ್ಕೆ ಬಿಟ್ಟೇಬಿಟ್ಟಿದ್ದರೆ? ನಿಮ್ಮ ಕಣ್ಣು ಹೋಗಿದ್ದರೆ?"

ಅಜ್ಜಯ್ಯ ಅವನ ಒದ್ದೆ ಅಂಗೈಯನ್ನ ತಮ್ಮ ಶಲ್ಯದಲ್ಲಿ ಒರೆಸಿದರು.

"ನಿನ್ನ ಕಣ್ಣಂತೂ ತೆರೀತಿತ್ತಲ್ಲೋ."