ಬೂದಿಯ ಜುಟ್ಟು ಕೆಂಪಾದದ್ದು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ. ತಾವು ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ಜಗಳವಾಡುತ್ತಿದ್ದವು. ಗಾಳಿ ಹೇಳದೆ ಕೇಳದೆ ಎಲ್ಲರ ಮನೆಗೂ ನುಗ್ಗಿ, ಕೂತು ಹರಟೆ ಹೊಡೆದು ಹೋಗುತ್ತಿತ್ತು.

ಆಗಲೂ ಕೋಳಿಗಳಿದ್ದವು. ಆದರೆ ಆಗಿನ ಹೇಂಟೆಗಳ, ಅಂದರೆ ಹೆಣ್ಣುಕೋಳಿಗಳ, ಜುಟ್ಟು ಅಕ್ಕಿಹಿಟ್ಟಿನ ಹಾಗೆ ಬೆಳ್ಳಗಿತ್ತು. ಅವು ಸದ್ದಿಲ್ಲದೆ ಮೊಟ್ಟೆ ಇಟ್ಟು, ಸದ್ದಿಲ್ಲದೆ ಎದ್ದು ಹೋಗುತ್ತಿದ್ದವು.

ದುಂಡಮ್ಮ ಎಂಬ ಮುದುಕಿಯ ಹಿತ್ತಿಲಲ್ಲಿ ಒಂದು ಮುದಿ ಹೇಂಟೆ, ನಾಲ್ಕು ಎಳೆಯವು ಇದ್ದವು. ಎಳೆಯವುಗಳಲ್ಲಿ ಎಲ್ಲಕ್ಕಿಂತ ಚಿಕ್ಕವಳೇ ಬೂದಿ. ಮೈಬಣ್ಣವೂ ಬೂದಿಯದೇ. ಚಿಪ್ಪಿನಿಂದ ಹೊರಬರುವಾಗಲೇ ತಡಮಾಡಿದವಳು. ಅಕ್ಕಂದಿರು ಆಗಲೇ ತಾಯಿಯ ಹಿಂದೆ ಓಡಾಡುತ್ತಿದ್ದರೆ, ಇವಳು ಒಳಗೇ ಕುಟುಕುತ್ತಾ ಕೂತಿದ್ದಳು. ದುಂಡಮ್ಮನೇ ಉಗುರಿನಿಂದ ಚಿಪ್ಪು ಬಿಡಿಸಿ, ಸೆರಗಿನಲ್ಲಿ ಬೆಚ್ಚಗಿಟ್ಟು, ನುಚ್ಚು ತಿನ್ನಿಸಿ ಬೆಳೆಸಿದ್ದಳು.

ಎಳೆಯವುಗಳು ಮೊಟ್ಟೆಗೆ ಬರುವ ಕಾಲ ಬಂತು. ಒಬ್ಬಳು ಇಟ್ಟಳು, ಇನ್ನೊಬ್ಬಳು ಇಟ್ಟಳು, ಮತ್ತೊಬ್ಬಳೂ ಇಟ್ಟಳು. ಬೂದಿ ಮಾತ್ರ ಇಡಲಿಲ್ಲ.

ಪಕ್ಕದ ಮನೆಯ ಚೌಡಮ್ಮ ಬೇಲಿಯ ಮೇಲಿಂದ ಕತ್ತು ಚಾಚಿದಳು. "ಆ ಬೂದಿ ಬಣ್ಣದ್ದು ಇಡಂಗಿಲ್ಲ ಬುಡು ದುಂಡಕ್ಕ. ಸಾರಿಗಾದ್ರೂ ಆಯ್ತದೆ."

"ಇಡ್ತಾಳೆ ಕಣೆ," ಎಂದಳು ದುಂಡಮ್ಮ. "ಅವಳು ಇಡೋ ಮೊದಲ್ನೇ ಮೊಟ್ಟೆ ನಿನ್ನ ಬಾಣಂತಿ ಮಗಳಿಗೇ. ಇದು ನನ್ನ ಮಾತು."

ಬೂದಿಗೆ ಇದು ಕೇಳಿಸಿತು. ಒಂದು ಗಳಿಗೆ ಹಿಗ್ಗಿದಳು. ಮರುಗಳಿಗೆಯೇ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಇಡದೇ ಹೋದರೆ ಅಜ್ಜಿಯ ಮಾತು ಏನಾಗಬೇಕು?

ದಿನಾ ಬೆಳಿಗ್ಗೆ ದುಂಡಮ್ಮ ಬಂದು ಬೂದಿಗೆ ಮೊಟ್ಟೆಯಿಡಲೆಂದು ಹುಲ್ಲು ಹಾಸಿಟ್ಟಿದ್ದ ಒಡಕು ಮಡಕೆಯಲ್ಲಿ ಕೈಯಾಡಿಸುತ್ತಿದ್ದಳು. ಬರೀ ಹುಲ್ಲು. "ಇರ್ಲಿ ಬುಡವ್ವ, ನಾಳೆ," ಎನ್ನುತ್ತಿದ್ದಳು. ಮಾರನೆಯ ದಿನವೂ ಬರೀ ಹುಲ್ಲು. "ಇರ್ಲಿ ಬುಡವ್ವ, ನಾಳೆ." ಬೈದಿದ್ದರೆ ಬೂದಿ ತಡೆದುಕೊಳ್ಳುತ್ತಿದ್ದಳು. ಈ 'ಇರಲಿ ಬಿಡು' ಅವಳಿಂದ ತಡೆಯಲಾಗಲಿಲ್ಲ.

ಹಿತ್ತಿಲ ಮೂಲೆಯಲ್ಲಿ ಮುದಿ ಹೇಂಟೆಯ ಬುಟ್ಟಿಯಿತ್ತು. ದುಂಡಮ್ಮ ಆ ಬುಟ್ಟಿಯ ಮೊಟ್ಟೆಗಳನ್ನು ತೆಗೆಯುವಾಗ ಒಂದನ್ನು ಮಾತ್ರ ಅಲ್ಲೇ ಬಿಡುತ್ತಿದ್ದಳು. ಬುಟ್ಟಿ ಬರಿದಾದರೆ ಕೋಳಿ ಬೇರೆ ಜಾಗ ಹುಡುಕಿಕೊಂಡು ಹೋಗುತ್ತದೆ, ಅದಕ್ಕೆ. ಬಿಟ್ಟ ಮೊಟ್ಟೆ ಯಾವುದೆಂದು ಗುರುತು ಸಿಗಲು ಒಲೆಯ ಮಸಿಯಿಂದ ಒಂದು ಬೊಟ್ಟು ಇಟ್ಟಿದ್ದಳು. ಆ ಮೊಟ್ಟೆ ಕಳೆದ ಬೇಸಿಗೆಯಿಂದಲೂ ಅಲ್ಲೇ ಇತ್ತು.

ಎಳೆಯದಕ್ಕೆ ಇದೆಲ್ಲ ಏನು ಗೊತ್ತು? ಮೊಟ್ಟೆ ಎಂದರೆ ಮೊಟ್ಟೆ ಅಂದುಕೊಂಡಳು ಬೂದಿ. ಮುದಿ ಹೇಂಟೆ ಮಣ್ಣಿನಲ್ಲಿ ಹೊರಳಾಡಲು ಹೋದಾಗ, ಕೊಕ್ಕಿನಿಂದ ಅದನ್ನು ಮೆಲ್ಲಗೆ ಉರುಳಿಸಿಕೊಂಡು ತನ್ನ ಮಡಕೆಗೆ ತಂದಳು. ಆ ಕಪ್ಪು ಬೊಟ್ಟು ಅವಳನ್ನೇ ನೋಡುತ್ತಿತ್ತು. ಎದೆಯ ಪುಕ್ಕದಿಂದ ಉಜ್ಜಿ ಉಜ್ಜಿ ಅಳಿಸಿದಳು.

"ಏನೇ ಬೂದಿ, ಎದೆ ಮೇಲೆ ಏನೋ ಕಪ್ಪು?" ಎಂದಿತು ಗಾಳಿ, ಬೇಲಿ ಹಾರುತ್ತಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೂದಿಯೂ ತಟ್ಟನೆ ರೆಕ್ಕೆಯಿಂದ ಎದೆ ಮುಚ್ಚಿಕೊಂಡಳು.

ಮೊಟ್ಟೆ ಕಂಡ ದುಂಡಮ್ಮನ ಮುಖ ಅರಳಿತು. "ನೋಡ್ದಾ ಚೌಡಿ, ನಾನೇಳ್ಲಿಲ್ವಾ?" ಎಂದು ಬೇಲಿಯಾಚೆಗೆ ಕೂಗಿ, ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು. ಬೂದಿ ಹಿಂದೆಯೇ ಓಡಿದಳು. ಬೇಡ ಅಜ್ಜಿ ಎನ್ನಬಹುದಿತ್ತು. ಚೌಡಮ್ಮನ ಹೊಸ್ತಿಲವರೆಗೂ ಅದಕ್ಕೆ ಸಮಯವಿತ್ತು. ಬಾಯಿ ಮಾತ್ರ ಬರಲಿಲ್ಲ.

ಬಾಣಂತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚೌಡಮ್ಮ ಮೆಣಸು ಕುಟ್ಟಿ ಬಟ್ಟಲು ಇಟ್ಟಳು. ದುಂಡಮ್ಮ ತನ್ನ ಕೈಯಾರೆ ಮೊಟ್ಟೆ ಒಡೆದಳು.

ಅಬ್ಬಬ್ಬ, ಆ ನಾತ. ಬಾಣಂತಿ ಕೂಸಿನ ಮುಖಕ್ಕೆ ಸೆರಗು ಮುಚ್ಚಿ ಗೋಡೆಗೆ ತಿರುಗಿದಳು. ಗಾಳಿಯ ಹೊಟ್ಟೆಯಲ್ಲಿ ಯಾವ ಗುಟ್ಟು ನಿಂತೀತು? ಆ ನಾತವನ್ನು ಏಳು ಮನೆಗೂ ಹೊತ್ತುಕೊಂಡು ಹೋಯಿತು.

"ಕೊಡೋಕೆ ಮನಸ್ಸಿಲ್ದಿದ್ರೆ ಇಲ್ಲ ಅನ್ಬೋದಿತ್ತು ದುಂಡಕ್ಕ," ಎಂದಳು ಚೌಡಮ್ಮ. "ಕೊಳೆತಿದ್ದ ತಂದು ಬಾಣಂತಿ ಮುಂದೆ ಒಡಿಯೋದಾ?"

ದುಂಡಮ್ಮ ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಹೊಸ್ತಿಲಲ್ಲಿ ನಿಂತಿದ್ದ ಬೂದಿ ಬಿದ್ದಳು. ಅವಳ ಎದೆಯ ಮೇಲಿನ ಮಸಿಯೂ ಕಂಡಿತು. ಒಲೆಯ ಮಸಿ, ತಾನೇ ಇಟ್ಟ ಬೊಟ್ಟು. ಎಲ್ಲ ತಿಳಿಯಿತು. ಈಗ ಹೇಳಿಬಿಡುತ್ತಾಳೆ ಎಂದು ಬೂದಿ ಕಾದಳು.

"ನಂದೇ ತಪ್ಪು ಕಣೆ ಚೌಡಿ," ಎಂದಳು ದುಂಡಮ್ಮ. "ನಾನು ನೋಡಿ ತರ್ಬೇಕಿತ್ತು."

ಆಗ ಬೂದಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಕಾಲಿನಿಂದ ಬಿಸಿಯೆದ್ದು ಕತ್ತಿಗೇರಿತು, ಕೆನ್ನೆಗೇರಿತು, ಜುಟ್ಟಿಗೇರಿತು. ಬೆಳ್ಳಗಿದ್ದ ಜುಟ್ಟು ಕೆಂಡದ ಹಾಗೆ ಕೆಂಪಾಯಿತು.

ಓಡಿಹೋಗಿ ಹಿತ್ತಿಲ ಕಲ್ಲುಬಾನಿಯ ನೀರಿನಲ್ಲಿ ಮುಳುಗೆದ್ದಳು. ಎದೆಯ ಮಸಿ ಹೋಯಿತು. ಜುಟ್ಟಿನ ಕೆಂಪು ಹೋಗಲಿಲ್ಲ.

"ನನ್ನ ಕೈಲಿ ಆಗೋ ಕೆಲಸ ಅಲ್ಲ ಕಣವ್ವ ಇದು," ಎಂದಿತು ನೀರು.

ಮೂರು ದಿನ ಬೂದಿ ಸೌದೆ ರಾಶಿಯ ಹಿಂದೆ ಕೂತಿದ್ದಳು. ದುಂಡಮ್ಮ ಬೆಳಿಗ್ಗೆ ಬಂದು ಕಾಳು ಚೆಲ್ಲಿ ಹೋಗುತ್ತಿದ್ದಳು. ಬೈಯಲಿಲ್ಲ. ಮಡಕೆಯಲ್ಲಿ ಕೈಯಾಡಿಸಲೂ ಇಲ್ಲ. 'ನಾಳೆ' ಎನ್ನಲೂ ಇಲ್ಲ.

ನಾಲ್ಕನೆಯ ದಿನ ನಡುಮಧ್ಯಾಹ್ನ ಬೂದಿಯ ಹೊಟ್ಟೆಯಲ್ಲಿ ಏನೋ ಹೊರಳಿತು. ಸಂಕಟದಿಂದ ಮಡಕೆಗೆ ಹೋಗಿ ಕೂತಳು. ಎದ್ದಾಗ ಹುಲ್ಲಿನ ಮೇಲೆ ಮೊಟ್ಟೆಯಿತ್ತು. ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದು, ಮೇಲೆ ಒಂದೆಳೆ ರಕ್ತ.

ಮೊದಲು ಮುಚ್ಚಿಡೋಣ ಅನ್ನಿಸಿತು. ಇನ್ನು ಯಾರು ನಂಬುತ್ತಾರೆ? ಆದರೆ ಅಜ್ಜಿ ಕೊಟ್ಟ ಮಾತು ಇನ್ನೂ ತೀರದೆ ಚೌಡಮ್ಮನ ಮನೆಯಲ್ಲಿ ಬಿದ್ದಿತ್ತಲ್ಲ. ಹೊಸ್ತಿಲಲ್ಲಿ ಬಾರದ ಬಾಯಿ ಈಗ ಬಂತು.

"ಕೊಕ್ಕೊಕ್ಕೊಕ್ಕೋ! ನಂದೇ, ಈ ಸಲ ನಂದೇ! ಕೊಕ್ಕೊಕ್ಕೊಕ್ಕೋ! ಆವತ್ತಿಂದು ನಂದಲ್ಲ, ಇದು ನಂದು!"

ಅದುವರೆಗೆ ಯಾವ ಹೇಂಟೆಯೂ ಹಾಗೆ ಕೂಗಿರಲಿಲ್ಲ. "ನಾಚಿಕೆಗೆಟ್ಟವಳೇ, ಬಾಯ್ಮುಚ್ಚು," ಎಂದರು ಅಕ್ಕಂದಿರು. ನಾಚಿಕೆಯಿಂದಲೇ ಅವಳು ಕೂಗುತ್ತಿದ್ದುದು. ಬೇಲಿಯಾಚೆಯ ಚೌಡಮ್ಮನಿಗೂ ಕೇಳುವಂತೆ ಕೂಗಿದಳು.

ದುಂಡಮ್ಮ ಬಂದು ಕೈ ಚಾಚಿದಳು. ಏಟು ಬಿತ್ತು ಎಂದುಕೊಂಡ ಬೂದಿ ರೆಕ್ಕೆ ಅರೆಬಿಚ್ಚಿ, ಹೊಟ್ಟೆ ನೆಲಕ್ಕೊತ್ತಿ ಕುಕ್ಕರಿಸಿದಳು. ಓಡಲಿಲ್ಲ. ಕೈ ಅವಳ ಮೇಲಿಂದ ಹಾದು ಮೊಟ್ಟೆ ಎತ್ತಿಕೊಂಡಿತು.

ಈ ಸಲ ದುಂಡಮ್ಮ ಅದನ್ನು ಸೆರಗಿಗೆ ಕಟ್ಟಲಿಲ್ಲ. ಬಾನಿಯ ಹತ್ತಿರ ಹೋಗಿ ನೀರಿಗೆ ಬಿಟ್ಟಳು. ಕೊಳೆತ ಮೊಟ್ಟೆಯಾದರೆ ತೇಲುತ್ತದೆ. ತನ್ನ ಹಿತ್ತಿಲ ಮೊಟ್ಟೆಯನ್ನು ಅವಳು ಎಂದೂ ಹಾಗೆ ಪರೀಕ್ಷೆ ಮಾಡಿದವಳಲ್ಲ. ಬೂದಿ ಕುಕ್ಕರಿಸಿದಲ್ಲೇ ಅದನ್ನು ನೋಡಿದಳು. ಏಟೇ ಬಿದ್ದಿದ್ದರೆ ವಾಸಿಯಿತ್ತು.

ಮೊಟ್ಟೆ ಮುಳುಗಿ ತಳದಲ್ಲಿ ಮಲಗಿತು.

"ತೇಲಲಿಲ್ಲ. ಈಗಿಟ್ಟಿದ್ದು ದುಂಡಮ್ಮ," ಎಂದಿತು ನೀರು.

ದುಂಡಮ್ಮ ಅದನ್ನು ಒರೆಸಿಕೊಂಡು ಚೌಡಮ್ಮನ ಮನೆಗೆ ನಡೆದಳು. ಬಹಳ ಹೊತ್ತು ಬರಲಿಲ್ಲ. ಬರುವಾಗ ಕೈ ಬರಿದಾಗಿತ್ತು. ಬೂದಿ ಇನ್ನೂ ಹಾಗೇ ಕುಕ್ಕರಿಸಿದ್ದಳು.

"ತಿಂದ್ಲು ಕಣವ್ವ ಬಾಣಂತಿ," ಎಂದು ದುಂಡಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಪುಕ್ಕ ಸವರುತ್ತಾ, "ತಡ ಆಗಿದ್ರೆ ಆಗ್ಲಿ. ನಾನು ಕಾಯ್ತಿದ್ನಲ್ಲೇ," ಎಂದಳು.

ಆ ಮಾತಿಗೆ ಬೂದಿಯ ಜುಟ್ಟು ಇನ್ನಷ್ಟು ಕೆಂಪಾಯಿತು. ಆಮೇಲೆ ಅವಳು ಎಷ್ಟೋ ಮೊಟ್ಟೆ ಇಟ್ಟಳು, ಎಷ್ಟೋ ಮರಿ ಮಾಡಿದಳು. ಆ ಕೆಂಪು ಮಾತ್ರ ಹೋಗಲೇ ಇಲ್ಲ. ಅವಳ ಹೆಣ್ಣುಮಕ್ಕಳಿಗೂ, ಮೊಮ್ಮಕ್ಕಳಿಗೂ ಬಂತು.

ಅದಕ್ಕೇ ಮಗು, ನಮ್ಮ ಹಿತ್ತಿಲ ಎಳೆ ಹೇಂಟೆ ಮೊದಲ ಮೊಟ್ಟೆಗೆ ಬಂದಾಗ ಜುಟ್ಟು ಕೆಂಪಾಗುತ್ತದೆ, ನೀನು ಕೈ ಚಾಚಿದರೆ ಓಡದೆ ನೆಲಕ್ಕೆ ಕುಕ್ಕರಿಸುತ್ತದೆ. ಪುಟಾಣಿ ಮೊಟ್ಟೆ ಇಟ್ಟು ಊರಿಗೆಲ್ಲ ಕೇಳುವಂತೆ 'ನಂದೇ, ನಂದೇ' ಎಂದು ಕೂಗುವಾಗ, ನಾನು ಆ ಮೊಟ್ಟೆಯನ್ನು ನೀರಿಗೆ ಬಿಟ್ಟು ನೋಡುವುದು ಅದರ ಕಣ್ಣಿಗೆ ಬೀಳದ ಹಾಗೆ ನೀನು ಅಡ್ಡ ನಿಂತುಕೋ.